ಆರನೆಯ ಗ್ರೀನಿನ ಇಳಿಜಾರು

ಗಾಳಿ ಸೋಕುವುದು, ನೆರಳು ಬೀಳುವುದು, ಮೈಮೇಲೆ ಬರುವುದು ಇಂಥ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಯಾರಾದರೂ ಇಂಥ ಕಥೆ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಸುಮ್ಮನೆ ಹೋಗುತ್ತಿರಲಿಲ್ಲ, ಎರಡು ಕಟುವಾದ ಮಾತು ಆಡಿಯೇ ಹೋಗುತ್ತಿದ್ದೆ. ಅದರಿಂದಾಗಿ ನೆಂಟರಲ್ಲಿ ನನ್ನನ್ನು ಕಂಡರೆ ಆಗದವರು ಬಹಳ ಮಂದಿ. ಈಗ ಅವರೆಲ್ಲ ಇದನ್ನು ಓದಿ ಬೇಕಾದಷ್ಟು ನಗಲಿ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ಏಕೆಂದರೆ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮೊದಲು ನನ್ನ ಕಸುಬು ಹೇಳಬೇಕು. ನಾನು ಗಾಲ್ಫ್ ಮೈದಾನಗಳನ್ನು ರೂಪಿಸುವವನು. ನಮ್ಮೂರು ಕರೋಶಿಯಲ್ಲಿ ಇದನ್ನು ಯಾರಿಗೂ ತಿಳಿಸಿ ಹೇಳಲು ನನ್ನಿಂದ ಆಗಿಲ್ಲ. ಒಮ್ಮೆ ಚಿಕ್ಕಪ್ಪನ ಮಗ ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, “ಅಷ್ಟ ಹುಲ್ಲ ಬೆಳಸಿ ಎಮ್ಮಿಗರೆ ಹಾಕ್ತಾರೇನಪಾ?” ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ನಿನಗೆ ಬೇರೆ ಕೆಲಸ ಸಿಗಲಿಲ್ಲವೇ ಎನ್ನುವ ಹಾಗೆ ನೋಡಿ ಎದ್ದುಹೋದ. ಊರಲ್ಲಿ ಅಂದಿನಿಂದ ನಾನು ಹುಲ್ಲಿನ ಇಂಜಿನಿಯರ್.

ಆದರೆ ಹುಲ್ಲು ನನ್ನ ಕೆಲಸದ ಮೇಲಿನ ಹೊದಿಕೆ ಮಾತ್ರ. ನನ್ನ ನಿಜವಾದ ಕೆಲಸ ಇಳಿಜಾರು. ಎಲ್ಲಿ ಮಣ್ಣು ಏರಿಸಬೇಕು, ಎಲ್ಲಿ ಇಳಿಸಬೇಕು, ಮಳೆ ನೀರು ಯಾವ ಕಡೆ ಹೋಗಬೇಕು, ಚೆಂಡು ಬಿದ್ದರೆ ಎತ್ತ ಉರುಳಬೇಕು, ಇಷ್ಟನ್ನು ನಿರ್ಧರಿಸುವವನು ನಾನು. ಆಟದ ಪ್ರತಿ ಹಂತದ ಕೊನೆಗೆ ಗ್ರೀನ್ ಎಂಬ ಜಾಗ ಬರುತ್ತದೆ. ಹುಲ್ಲನ್ನು ಚಾಪೆಯ ಹಾಗೆ ಗಿಡ್ಡಗೆ ಕತ್ತರಿಸಿರುತ್ತಾರೆ, ನಡುವೆ ಒಂದು ಸಣ್ಣ ಕುಳಿ ಇರುತ್ತದೆ. ಆಟಗಾರ ಚೆಂಡನ್ನು ಮೆಲ್ಲಗೆ ತಳ್ಳಿ ಆ ಕುಳಿಗೆ ಇಳಿಸಬೇಕು. ಅಲ್ಲಿ ಬೆರಳಿನಷ್ಟು ಏರುಪೇರಾದರೂ ಚೆಂಡು ಬೇರೆ ದಾರಿ ಹಿಡಿಯುತ್ತದೆ. ಆ ಬೆರಳಿನಷ್ಟು ಏರುಪೇರು ಬರೆಯುವುದರಲ್ಲಿ ನನ್ನ ಆಯುಷ್ಯ ಸವೆದಿದೆ.

ಸವೆದದ್ದು ಬೇರೆಯವರ ಹೆಸರಿನಲ್ಲಿ. ಹೊರದೇಶದ ದೊಡ್ಡ ದೊಡ್ಡ ವಿನ್ಯಾಸಕಾರರ ಕೈಕೆಳಗೆ ದುಡಿದೆ. ಅವರು ವಿಮಾನದಲ್ಲಿ ಬಂದು, ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಬಿಸಿಲಲ್ಲಿ ನಿಂತು ಮಣ್ಣು ಹೊಡೆಸುತ್ತಿದ್ದವನು ನಾನು. ಮೈದಾನದ ಮುಂದಿನ ಕಲ್ಲಿನ ಮೇಲೆ ಮಾತ್ರ ಅವರ ಹೆಸರು. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಹೀಗಿರುವಾಗ ಕೆಲ ವರ್ಷಗಳ ಹಿಂದೆ ಅಪ್ಪಾಸಾಹೇಬರಿಂದ ಕರೆ ಬಂತು.

ಅಪ್ಪಾಸಾಹೇಬರು ಅಥಣಿ ತಾಲೂಕಿನ ಸತ್ತಿಯ ಕಡೆ ದೊಡ್ಡ ಜಮೀನುದಾರರು. ಕಬ್ಬು, ದ್ರಾಕ್ಷಿ, ಒಣದ್ರಾಕ್ಷಿಯ ಶೆಡ್ಡು ಎಲ್ಲ ಇತ್ತು. ಕೃಷ್ಣಾ ದಂಡೆಯಲ್ಲಿ, ಮಹಾಪೂರ ಬಂದರೂ ಮುಳುಗದ ಎತ್ತರದ ಹೊಲದಲ್ಲಿ ಒಂದು ರೆಸಾರ್ಟ್ ಕಟ್ಟಿಸುತ್ತಿದ್ದರು. ಅದಕ್ಕೆ ಒಂಬತ್ತು ಕುಳಿಯ ಸಣ್ಣ ಗಾಲ್ಫ್ ಮೈದಾನ ಬೇಕಂತೆ. ಸಾಂಗಲಿ, ಕೊಲ್ಲಾಪುರದ ಉದ್ಯಮಿಗಳು ಶನಿವಾರ ಭಾನುವಾರ ಬಂದು ಆಡುತ್ತಾರೆ ಎಂಬುದು ಅವರ ಲೆಕ್ಕಾಚಾರ. ನಾನು ಒಂದೇ ಶರತ್ತು ಹಾಕಿದೆ. ಮೊದಲ ಹೊಡೆತದ ಕಟ್ಟೆಯ ಪಕ್ಕದ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸಬೇಕು. ನನ್ನ ಹೆಸರಿನ ಮೊದಲ ಮೈದಾನ ನನ್ನದೇ ಸೀಮೆಯಲ್ಲಿ ಆಗುತ್ತದೆಂದು ನನಗೆ ನಿದ್ದೆ ಬರದಷ್ಟು ಸಂತೋಷವಾಗಿತ್ತು. ಅವರು ಒಪ್ಪಿ, ಮೈದಾನ ನಡೆಸುವ ಕ್ರಮ ಕೇಳಿದರು. ವಾರದಲ್ಲಿ ಸೋಮವಾರ ಬಾಗಿಲು ಹಾಕಿ, ಹುಲ್ಲಿಗೂ ಆಳುಗಳಿಗೂ ವಿಶ್ರಾಂತಿ ಕೊಡಿ, ಹೆಚ್ಚಿನ ಕ್ಲಬ್ಬುಗಳಲ್ಲಿ ಹಾಗೆಯೇ ಮಾಡುತ್ತಾರೆ ಎಂದು ಹೇಳಿದೆ. ಈ ಮಾತು ನೆನಪಿರಲಿ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರ ಜೆಸಿಬಿಗಳು ಇಡೀ ಹೊಲವನ್ನು ಸಪಾಟು ಮಾಡಿ ಬಿಟ್ಟಿದ್ದವು. ಬದುಗಳಿಲ್ಲ, ಗಿಡಗಳಿಲ್ಲ, ಕರಿಮಣ್ಣಿನ ಬಯಲು. ನಾನು ಅಳತೆ ಮಾಡಿಸಿದ್ದೂ ನಕ್ಷೆ ಬರೆದದ್ದೂ ಅದರ ಮೇಲೆಯೇ.

ಊರಿನವರು ಮೊದಲ ದಿನದಿಂದಲೇ ನನ್ನ ಮೇಲೆ ಹಲ್ಲು ಕಡಿಯುತ್ತಿದ್ದರು. ಬೇಸಗೆಯಲ್ಲಿ ಹೊಳೆ ಬತ್ತಿ ಕಬ್ಬು ಒಣಗುವಾಗ ಹುಲ್ಲಿಗೆ ನೀರು ಹಾರಿಸುವವನನ್ನು ಯಾರು ಪ್ರೀತಿಸುತ್ತಾರೆ? ಚಹದಂಗಡಿಯಲ್ಲಿ ನಾನು ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಚಹಾ ಬರುವ ಹೊತ್ತಿಗೆ ಕೆನೆ ಕಟ್ಟಿರುತ್ತಿತ್ತು. ನೀರು ಚಿಮ್ಮುವ ಕೊಳವೆಗಳ ಬಾಯಿ ಯಾರೋ ಮುರಿದು ಹಾಕಿದ್ದರು. ನಾನೂ ಸಾಧು ಮನುಷ್ಯನಲ್ಲ, ಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ. ಆ ಊರಿಗೂ ನನಗೂ ಒಂದು ದಿನವೂ ಹೊಂದಲಿಲ್ಲ.

ಎಲ್ಲರಿಗಿಂತ ಹೆಚ್ಚಿನ ಕಾಟ ತಂಗೆವ್ವನದು. ಮೈದಾನದ ಬೇಲಿಗೆ ಹತ್ತಿದ ಸಣ್ಣ ಹೊಲದ ಒಡತಿ, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ನಾವು ನೀರು ಬಿಟ್ಟ ಕೂಡಲೇ ಎಮ್ಮೆ ಹೊಡೆದುಕೊಂಡು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದಳು.

“ಹುಲ್ಲಿಗಿ ನೀರಡಿಕಿ ಆಗಿತ್ತೇನ್ರಿ ಸಾಹೇಬ್ರ? ಕುಡೀಲಿ, ಕುಡೀಲಿ. ನಮ್ಮ ಬದನಿ ಗಿಡ ಸತ್ರೂ ಅಡ್ಡಿ ಇಲ್ಲ.”

“ಕಾಕೂ, ನಿಮ್ಮ ಜಗಳ ಸಾವ್ಕಾರ್ರ ಕೂಡ ಮಾಡ್ರಿ. ನನಗ ಯಾಕ?” ಎನ್ನುತ್ತಿದ್ದೆ.

“ನೀವೂ ಅವನ ಉಪ್ಪ ತಿನ್ನಾಕತ್ತೀರಲ್ಲ,” ಎಂದು ಎಮ್ಮೆಯ ಬೆನ್ನಿಗೆ ಒಂದು ಬಾರಿಸಿ ಹೋಗುತ್ತಿದ್ದಳು.

ಇಷ್ಟೆಲ್ಲದರ ನಡುವೆ ಒಂಬತ್ತು ಗ್ರೀನುಗಳೂ ಎದ್ದವು. ಆರನೆಯದು ನನಗೆ ಬಹಳ ಪ್ರೀತಿಯದು. ಅಲ್ಲಿ ಮಣ್ಣು ಏರಿಸಿ, ಇಡೀ ಜಾಗ ಹೊಳೆಯ ಕಡೆ ಮೆಲ್ಲಗೆ ವಾಲುವ ಹಾಗೆ ಮಾಡಿದ್ದೆ. ಹೊಳೆಯ ಕಡೆಯ ಅಂಚಿನಲ್ಲಿ ಮರಳಿನ ಗುಂಡಿ. ಆಟಗಾರ ಚೆಂಡು ತಳ್ಳುವಾಗ ಎದುರಿಗೆ ಕೃಷ್ಣೆ ಕಾಣಬೇಕು, ಚೆಂಡೂ ಅತ್ತಲೇ ಹೋಗುವಂತಿರಬೇಕು ಎಂಬುದು ನನ್ನ ಆಸೆ.

ಹುಲ್ಲು ಹಿಡಿದು, ಕತ್ತರಿಸಿ, ರೋಲರ್ ಹೊಡೆದ ಮೇಲೆ ಮಹಾವೀರ ಬಂದು, “ಸರ್, ಆರನೇದರಾಗ ಬಾಲ್ ಉಲ್ಟಾ ಹೋಗಾಕತ್ತೈತ್ರಿ,” ಎಂದ. ಮಹಾವೀರ ನಮ್ಮ ಮೇಲ್ವಿಚಾರಕ, ಕಾಗವಾಡದವನು, ಕೃಷಿ ಡಿಪ್ಲೊಮಾ ಮಾಡಿ ಹುಲ್ಲಿನ ಉಸ್ತುವಾರಿಗೆ ಬಂದಿದ್ದ. ನಿನಗೆ ಏರು ಇಳುಕಲು ಗೊತ್ತಾಗುವುದಿಲ್ಲವೇ ಎಂದು ರೇಗಿ ಅವನನ್ನೂ ಕರೆದುಕೊಂಡು ಹೋದೆ. ಗ್ರೀನಿನ ನಡುವೆ ಚೆಂಡು ಇಟ್ಟು ಕೈ ಬಿಟ್ಟೆ. ಅದು ಒಂದು ಕ್ಷಣ ನಿಂತು, ಹೊಳೆಗೆ ಬೆನ್ನು ಮಾಡಿ, ಏರಿನ ಕಡೆ ಹೊರಟಿತು.

ಓದುವವರು ನಗಬಹುದು. ಕಣ್ಣಿಗೆ ಇಳಿಜಾರಾಗಿ ಕಂಡದ್ದು ನಿಜದಲ್ಲಿ ಏರಾಗಿರುವ ಜಾಗಗಳಿವೆ, ಅದು ನನಗೂ ಗೊತ್ತು. ಅದಕ್ಕೇ ಡಂಪಿ ಲೆವೆಲ್ ಯಂತ್ರ ತರಿಸಿ ಅಡಿ ಅಡಿಗೂ ಅಳೆದೆ. ಇಳಿಜಾರು ನಾನು ಬರೆದ ಹಾಗೆಯೇ ಹೊಳೆಯ ಕಡೆಗಿತ್ತು. ಕೊಡ ತುಂಬ ನೀರು ಸುರಿದೆ. ನೀರು ಮರ್ಯಾದೆಯಿಂದ ಹೊಳೆಯ ಕಡೆ ಹರಿಯಿತು. ಅದೇ ಜಾಗದಲ್ಲಿ ಚೆಂಡು ಇಟ್ಟರೆ ಏರಿ ಹೋಯಿತು. ಹುಲ್ಲಿನ ಎಸಳು ಒಂದೇ ಕಡೆ ಮಲಗಿದ್ದರೆ ಚೆಂಡನ್ನು ತುಸು ಅತ್ತ ಎಳೆಯುತ್ತದೆ. ಅದಕ್ಕೆಂದು ಹುಲ್ಲನ್ನು ಅಡ್ಡಡ್ಡ ಕತ್ತರಿಸಿ ನೋಡಿದೆ. ಚೆಂಡು ಬದಲಿಸಿದೆ. ಗಾಳಿ ಇಲ್ಲದ ಹೊತ್ತು ನೋಡಿ ಬಿಟ್ಟೆ. ಏನು ಮಾಡಿದರೂ ಅಷ್ಟೇ. ಉಳಿದ ಎಂಟು ಗ್ರೀನುಗಳಲ್ಲಿ ಒಂದು ತಕರಾರಿಲ್ಲ. ಇದೊಂದು ನನ್ನ ಮುಖದ ಮೇಲೆ ಉಗುಳುತ್ತಿತ್ತು.

ಇದು ಯಾರದೋ ಕಿತಾಪತಿ ಎಂದೇ ನಾನು ತಿಳಿದೆ. ಊರಿಗೆ ಊರೇ ನನ್ನ ವಿರುದ್ಧ ಇರುವಾಗ ಬೇರೆ ಏನು ತಿಳಿಯಲಿ? ಒಂದು ಸೋಮವಾರ ಆಳುಗಳು ಯಾರೂ ಇಲ್ಲದಾಗ ಹೋಗಿ ಚೆಂಡು ಬಿಟ್ಟರೆ ಅದು ಸರಿಯಾಗಿ ಹೊಳೆಯ ಕಡೆ ಇಳಿಯಿತು. ಮತ್ತೆ ಬಿಟ್ಟೆ, ಮತ್ತೆ ಇಳಿಯಿತು. ಸಿಕ್ಕಿಬಿದ್ದರು ಎಂದುಕೊಂಡೆ. ಆಳುಗಳಿಗೆ ರಜೆ ಇದ್ದ ದಿನ ಸರಿ ಇದೆ ಎಂದರೆ ಆಳುಗಳಲ್ಲೇ ಯಾರೋ ಏನೋ ಮಾಡುತ್ತಿದ್ದಾರೆ. ಮಂಗಳವಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ, ಮಹಾವೀರನನ್ನೂ ಬಿಡಲಿಲ್ಲ. ಅವರು ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಎರಡು ದಿನ ರಜೆ ಎಂದು ಎಲ್ಲರನ್ನೂ ಮನೆಗೆ ಕಳಿಸಿ, ಗೇಟಿಗೆ ನಾನೇ ಕೀಲಿ ಹಾಕಿದೆ. ಬುಧವಾರ ಯಾರೂ ಇಲ್ಲದಾಗ ಚೆಂಡು ಬಿಟ್ಟೆ, ಆದರೂ ಅದು ಏರಿ ಹೋಯಿತು.

ಗುರುವಾರ ಮಧ್ಯಾಹ್ನ ಒಬ್ಬನೇ ಮತ್ತೆ ಅಲ್ಲಿಗೆ ಹೋದೆ. ಉರಿಬಿಸಿಲು, ಸುತ್ತ ಯಾರೂ ಇಲ್ಲ. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಾಡು ಕೇಳುತ್ತಿತ್ತು. ಈ ಸಲ ಚೆಂಡನ್ನು ಹೊಳೆಯ ಕಡೆಯ ಅಂಚಿನಲ್ಲಿ, ಮರಳು ಗುಂಡಿಯ ಪಕ್ಕ ಇಟ್ಟು ದೂರ ಹೋಗಿ ಕೂತೆ. ನೋಡೋಣ, ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ ಎಂದು.

ಚೆಂಡು ಹೊರಟಿತು. ಉರುಳುವ ಚೆಂಡು ಶುರುವಿನಲ್ಲಿ ಜೋರಾಗಿ, ಬರಬರುತ್ತ ಮೆಲ್ಲಗಾಗಬೇಕು. ಇದು ಹಾಗಲ್ಲ. ಏನೋ ಭಾರ ಎಳೆಯುವ ಹಾಗೆ, ಮೊದಲಿನಿಂದ ಕೊನೆಯವರೆಗೆ ಒಂದೇ ನಡಿಗೆಯಲ್ಲಿ ಹೋಯಿತು. ಗ್ರೀನಿನ ಆ ತುದಿಗೆ ಹೋಗಿ ನಿಂತಿತು. ನಿಂತೇ ಇತ್ತು. ನಾನು ಎದ್ದು ಹೋಗಿ ತರೋಣ ಎಂದು ಏಳುವಷ್ಟರಲ್ಲಿ ಅದು ಹಿಂದಕ್ಕೆ ಬರತೊಡಗಿತು. ಅದೇ ಗೆರೆಯ ಮೇಲೆ, ಇನ್ನೂ ನಿಧಾನವಾಗಿ, ತುಸು ತಡೆದು ತಡೆದು. ಮರಳು ಗುಂಡಿಯ ಅಂಚಿಗೆ ಬಂದು, ಇಳಿಜಾರು ಮುಂದೂ ಇದ್ದರೂ, ಗುಂಡಿಗೆ ಬೀಳದೆ ನಿಂತಿತು. ಒಂದಿಷ್ಟು ಹೊತ್ತು. ಆಮೇಲೆ ಮತ್ತೆ ಹೊರಟಿತು.

ಮೂರನೆಯ ಸಲ ಹೊರಟಾಗ ನಾನು ಎದ್ದು ನಿಂತುಬಿಟ್ಟೆ. ಚೆಂಡು ತಾನಾಗಿ ಓಡಾಡುತ್ತಿದೆ ಎಂಬುದಕ್ಕಲ್ಲ. ಆ ನಡಿಗೆ ನನಗೆ ಗೊತ್ತಿತ್ತು.

ನಾನು ಸಣ್ಣವನಿದ್ದಾಗ ಕರೋಶಿಯಲ್ಲಿ ನಮ್ಮಜ್ಜ ಕಪಿಲೆ ಹೊಡೆಯುತ್ತಿದ್ದ. ಈಗಿನವರಿಗೆ ಕಪಿಲೆ ಗೊತ್ತಿರಲಿಕ್ಕಿಲ್ಲ. ಪಂಪು ಬರುವ ಮೊದಲು ಬಾವಿಯಿಂದ ನೀರೆತ್ತುತ್ತಿದ್ದ ರೀತಿ ಅದು. ದೊಡ್ಡ ತೊಗಲಿನ ಚೀಲವನ್ನು ಬಾವಿಗೆ ಇಳಿಬಿಟ್ಟು, ಅದರ ಹಗ್ಗವನ್ನು ಜೋಡೆತ್ತಿನ ನೊಗಕ್ಕೆ ಕಟ್ಟುತ್ತಿದ್ದರು. ಬಾವಿಯ ದಡದಿಂದ ಹೊರಕ್ಕೆ ಉದ್ದನೆಯ ಇಳಿಜಾರು. ಎತ್ತುಗಳು ಅದರಲ್ಲಿ ಇಳಿಯುತ್ತ ಹೋದರೆ ಚೀಲ ಮೇಲೆ ಬರುತ್ತದೆ. ಇಳಿಜಾರಿನ ತುದಿಗೆ ನಿಲ್ಲುತ್ತವೆ, ಚೀಲದ ನೀರು ಕಾಲುವೆಗೆ ಸುರಿಯುತ್ತದೆ. ಆಮೇಲೆ ಎತ್ತುಗಳು ತಿರುಗದೆ, ಹಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಬಾವಿಯ ದಡಕ್ಕೆ ಬರುತ್ತವೆ. ಮತ್ತೆ ಇಳಿಯುತ್ತವೆ. ಇಳಿಯುವಾಗ ಅಜ್ಜ ಬಿಗಿದ ಹಗ್ಗದ ಮೇಲೆ ಕೂರುತ್ತಿದ್ದ, ನನ್ನನ್ನೂ ಕೂರಿಸಿಕೊಳ್ಳುತ್ತಿದ್ದ. ಆ ಹೋಗುವುದು, ನಿಲ್ಲುವುದು, ಹಿಂದೆ ಸರಿಯುವುದು ನನ್ನ ಬೆನ್ನಿಗೆ ಗೊತ್ತು. ನೀರು ಸುರಿದು ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಆ ಚೆಂಡು ತುದಿಯಲ್ಲಿ ನಿಲ್ಲುತ್ತಿತ್ತು.

ಚೆಂಡನ್ನು ಅಲ್ಲೇ ಬಿಟ್ಟು ಬೇಲಿಯ ಕಡೆ ಹೋದೆ. ತಂಗೆವ್ವ ಬದನೆ ಸಾಲಿನಲ್ಲಿ ಕಸ ಕೀಳುತ್ತಿದ್ದಳು. ನನ್ನ ಮುಖ ನೋಡಿ ಬೈಗುಳ ಬಾಯಲ್ಲೇ ಹಿಡಿದಳು.

“ಕಾಕೂ, ಇಲ್ಲಿ ಬಾವಿ ಇತ್ತೇನು?” ಎಂದೆ.

“ಇತ್ತೇನು ಅಂತ ಕೇಳ್ತೀರಿ? ನಿಮ್ಮ ಉಸುಕಿನ ಗುಂಡಿ ಕೆಳಗ ಐತಲ್ರಿ. ಅಪ್ಪಾಸಾಬನ ಮನಿದು ಅರ್ಧ, ನಮ್ಮನಿದು ಅರ್ಧ. ನಮ್ಮ ಮಾವ ಕಪಲಿ ಹೊಡಿಯಾಂವ. ಮುಂಜಾನಿ ಅವರ ಹೊಲಕ್ಕ, ಮಧ್ಯಾಹ್ನ ನಮ್ಮ ಹೊಲಕ್ಕ. ಮುಚ್ಚೂ ಮುಂದ ನನ್ನ ಒಂದ ಮಾತ ಕೇಳಲಿಲ್ಲ. ಉಡಿ ಸೈತ ತುಂಬಲಿಲ್ಲ. ಹೆಣ್ಣಮಗಳನ್ನ ಬರೇ ಉಡಿಲೆ ಕಳಸತಾರೇನ್ರಿ ಯಾರರೆ?”

ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿನಲ್ಲಿ ಅಕ್ಕಿ, ಕಾಯಿ, ಕುಪ್ಪಸ ಹಾಕಿ ಉಡಿ ತುಂಬುತ್ತಾರೆ. ತುಂಬಿ ಹರಿಯುವ ಹೊಳೆಗೂ ತುಂಬುತ್ತಾರೆ. ಮುಚ್ಚುವ ಬಾವಿಗೂ ತುಂಬಬೇಕು ಎಂಬುದನ್ನು ನಾನು ಮೊದಲ ಸಲ ಕೇಳಿದೆ.

“ಎತ್ತು ಯಾವ ಕಡೆ ಇಳೀತಿದ್ದವು?”

ಅವಳು ಹೊಳೆಗೆ ಬೆನ್ನು ಮಾಡಿ ನಿಂತು, ಕಸ ಕೀಳುವ ಕುರ್ಚಿಗೆಯನ್ನು ಚಾಚಿ ತೋರಿಸಿದಳು. ಚೆಂಡು ಹೋದ ದಿಕ್ಕು ಅದೇ. ಬಾವಿಯ ದಡದಿಂದ ಹೊರಕ್ಕೆ ಇಳಿಯುತ್ತಿದ್ದ ನೆಲಕ್ಕೆ ಅಪ್ಪಾಸಾಹೇಬರು ಮಣ್ಣು ತುಂಬಿಸಿ ಸಪಾಟು ಮಾಡಿಸಿದ್ದರು, ನಾನು ಇನ್ನಷ್ಟು ತುಂಬಿ ಎದುರು ದಿಕ್ಕಿಗೆ ವಾಲಿಸಿದ್ದೆ.

“ದಿನಾ ಹೊಡೀತಿದ್ರೇನು?”

“ಸೋಮವಾರ ಬಿಟ್ಟ. ಸೋಮವಾರ ಎತ್ತಿನ ಹೆಗಲಿಗಿ ನೊಗಾ ಯಾರ ಇಡತಾರ್ರಿ? ನೀವೂ ಒಕ್ಕಲಿಗರ ಮಕ್ಕಳ ಅಂತೀರಿ.”

ನಮ್ಮಜ್ಜನೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ವಾರ ಎಂದು ಅವುಗಳ ಮೈ ತೊಳೆದು ಕಟ್ಟುತ್ತಿದ್ದ. ನನಗೆ ಸಿಟ್ಟು ಬಂತು. ಏನೂ ತೋಚದಾಗ ನನಗೆ ಬರುವುದು ಸಿಟ್ಟೇ.

“ನೀವ ಏನರೆ ಮಾಡಿಸೀರಿ ಹೌದಲ್ಲೋ? ಖರೇ ಹೇಳ್ರಿ,” ಎಂದುಬಿಟ್ಟೆ. ಮಾಟ ಮಂತ್ರ ಎಂದರೆ ಎದ್ದು ಹೋಗುತ್ತಿದ್ದ ನಾನೇ ಹಾಗೆ ಕೇಳಿದ್ದು.

“ಮಾಟ ಮಾಡಾಕ ನನಗ ಬರತಿದ್ರ ಆ ಅಪ್ಪಾಸಾಬನ ಬಾಯಾಗ ಹುಳಾ ಬೀಳಸ್ತಿದ್ನಿ,” ಎಂದಳು ತಂಗೆವ್ವ. “ನಿಮ್ಮ ಬಾಲ್ ಆಡಸ್ಕೋತ ಕೂಡ್ತಿದ್ನೇನು? ಹೋಗ್ರಿ, ಕೆಲಸ ಐತಿ ನನಗ.”

ಸಂಜೆ ಅಪ್ಪಾಸಾಹೇಬರ ಮನೆಗೆ ಹೋದೆ. ಬರುವ ಭಾನುವಾರ ಕೊಲ್ಲಾಪುರದ ಅತಿಥಿಗಳು ಬಂದು ಮೈದಾನ ಆಡಿ ನೋಡುವವರಿದ್ದರು. ಅವರು ಮೆಚ್ಚಿದರೆ ಸದಸ್ಯರಾಗುತ್ತಾರೆ, ನನ್ನ ಹೆಸರಿನ ಕಲ್ಲು ನಿಲ್ಲುತ್ತದೆ. ಕಲ್ಲು ಆಗಲೇ ಕೆತ್ತಿಸಿ ತಂದು ಬಟ್ಟೆ ಮುಚ್ಚಿ ಇಟ್ಟಿದ್ದರು. ಒಂದು ಗ್ರೀನ್ ಕೆಟ್ಟಿದೆ ಎಂದರೆ ಇಡೀ ಮೈದಾನ ಕೆಟ್ಟಿದೆ ಎಂದೇ ಅರ್ಥ, ನಮ್ಮ ಕಸುಬಿನಲ್ಲಿ ಅದಕ್ಕೆ ಕ್ಷಮೆ ಇಲ್ಲ. ಅದಕ್ಕೇ ಬಾವಿಯ ವಿಷಯ ನೇರವಾಗಿ ಕೇಳಿದೆ.

“ಯಾ ಬಾವಿ?” ಎಂದರು. “ನಮ್ಮ ಹೊಲದಾಗ ಬಾವಿನ ಇದ್ದಿದ್ದಿಲ್ಲ. ಆ ಮುದಕಿ ಮಾತ ಕೇಳಿ ಬಂದೀರೇನು ಇಂಜಿನಿಯರ ಸಾಹೇಬ್ರ?”

ಬಾವಿ ಇತ್ತು ಎಂದು ಒಪ್ಪಿದರೆ ತಂಗೆವ್ವನ ಅರ್ಧ ಪಾಲನ್ನೂ ಒಪ್ಪಬೇಕಾಗುತ್ತದೆ, ಅದು ನನಗೆ ಅರ್ಥವಾಯಿತು. ಅವಳ ಪಾಲಿನ ಚಿಂತೆ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಚಿಂತೆ ನನ್ನ ಗ್ರೀನ್.

“ಇರಲಿ ಬಿಡ್ರಿ. ಅತಿಥಿಗಳನ್ನ ಭಾನುವಾರ ಬ್ಯಾಡ, ಸೋಮವಾರ ಕರಸ್ರಿ,” ಎಂದೆ. ಇದು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ನಾಚಿಕೆಯಾಯಿತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸೋಮವಾರ ಎಲ್ಲಾ ಕಡೆ ಬಂದ್ ಇರತೈತಿ ಅಂದಾಂವ್ರು ನೀವ ಅಲ್ರಿ? ಮಂದಿ ನಗತಾರ. ಭಾನುವಾರ ಅಂದ್ರ ಭಾನುವಾರ. ನಿಮ್ಮ ಗ್ರೀನ್ ಸರಿ ಇಲ್ಲಂದ್ರ ಈಗ ಹೇಳ್ರಿ, ಬ್ಯಾರೆಯವರನ್ನ ಕರಸ್ತೇನಿ.”

ಸರಿ ಇದೆ ಎಂದು ಹೇಳಿ ಬಂದೆ. ಯಂತ್ರದ ಪ್ರಕಾರ ಸರಿ ಇತ್ತು. ಅದನ್ನು ಬಿಟ್ಟು ನಾನು ಬೇರೆ ಏನು ಹೇಳಬಹುದಿತ್ತು ಎಂದು ಇವತ್ತಿಗೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಬಿಳಿ ಟೋಪಿಯ ಅತಿಥಿಗಳು ಬಂದರು. ಮೊದಲ ಐದು ಕುಳಿ ಚೆನ್ನಾಗಿ ನಡೆಯಿತು. ಹೊಗಳಿದರು ಕೂಡ. ಅಪ್ಪಾಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಿದ್ದರು. ಆರನೆಯದಕ್ಕೆ ಬಂದೆವು. ಬೇಲಿಯ ಆಚೆ ತಂಗೆವ್ವ ಎಮ್ಮೆಯ ಜೊತೆ ನಿಂತಿದ್ದಳು.

ಮೊದಲ ಅತಿಥಿ ಚೆಂಡು ತಳ್ಳಿದರು. ಅದು ಕುಳಿಯ ಹತ್ತಿರ ಹೋಗಿ ಹೊರಳಿ ಏರು ಹತ್ತಿತು. ಅವರು ನಕ್ಕರು. ಎರಡನೆಯವರದೂ ಹಾಗೇ ಆಯಿತು. ಅವರು ನಗಲಿಲ್ಲ, ಬಗ್ಗಿ ಹುಲ್ಲು ಮುಟ್ಟಿ ನೋಡಿದರು. ಮರಾಠಿಯಲ್ಲಿ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ನನ್ನ ಕಡೆ ನೋಡಿದರು.

ಅಪ್ಪಾಸಾಹೇಬರಿಗೆ ಅವಮಾನವಾಗಿರಬೇಕು. “ತರ್ರಿ ಇಲ್ಲಿ,” ಎಂದು ಒಬ್ಬರ ಕೈಯಿಂದ ಕೋಲು ಕಸಿದುಕೊಂಡು, ಮರಳು ಗುಂಡಿಯ ಅಂಚಿನಲ್ಲಿ ಚೆಂಡಿಟ್ಟು ತಾವೇ ತಳ್ಳಿದರು. ಆಟ ಬರದವರು, ಸುಮ್ಮನೆ ಮುಟ್ಟಿಸಿದಷ್ಟೇ. ಚೆಂಡು ಆ ಭಾರದ ನಡಿಗೆಯಲ್ಲಿ ಆ ತುದಿಗೆ ಹೋಯಿತು. ನಿಂತಿತು. ಆಮೇಲೆ ಹಿಂದ ಹಿಂದಕ್ಕೆ ಬರತೊಡಗಿತು, ನೇರ ಅವರ ಕಾಲ ಕಡೆಗೆ.

ಉಳಿದವರು ಚೆಂಡನ್ನು ನೋಡುತ್ತಿದ್ದರು. ನಾನು ಅಪ್ಪಾಸಾಹೇಬರನ್ನು ನೋಡುತ್ತಿದ್ದೆ. ಹಿಂದೆ ಸರಿದು ಬರುವ ಎತ್ತಿಗೆ ದಾರಿ ಬಿಡುವವನ ಹಾಗೆ ಅವರು ಪಕ್ಕಕ್ಕೆ ಸರಿದು, ಪಂಜೆ ಎತ್ತಿ ಹಿಡಿದು ನಿಂತರು. ಎಡಗೈ ಮುಂದೆ ಚಾಚಿ, ಬಾಯಲ್ಲಿ ಸಣ್ಣಗೆ, “ಹೋ… ಹೋ…” ಎಂದರು.

ನಮ್ಮ ಸೀಮೆಯಲ್ಲಿ ಎತ್ತು ನಿಲ್ಲಿಸಲು ಹೇಳುವ ಮಾತು ಅದು.

ಚೆಂಡು ನಿಂತಿತು. ಅವರ ಕಾಲಿನಿಂದ ಒಂದು ಮಾರು ದೂರ, ಇಳಿಜಾರಿನ ನಡುವೆ, ನಿಲ್ಲಲು ಯಾವ ಕಾರಣವೂ ಇಲ್ಲದ ಜಾಗದಲ್ಲಿ ಅದು ನಿಂತಿತು. ಬೇಲಿಯ ಆಚೆಯಿಂದ ತಂಗೆವ್ವ, “ನೆನಪಾತೇನೋ ಅಪ್ಪಾಸಾಬಾ?” ಎಂದಳು. ಬೈಯುವ ದನಿಯಲ್ಲಿ ಅಲ್ಲ. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಕೋಲನ್ನು ಹುಲ್ಲಿನ ಮೇಲೆ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ಹೋಗಿ ಕಾರಿನಲ್ಲಿ ಕೂತರು. ಅತಿಥಿಗಳು ಉಳಿದ ಕುಳಿ ಆಡಲಿಲ್ಲ, ಊಟಕ್ಕೂ ನಿಲ್ಲಲಿಲ್ಲ.

ಮರುದಿನ ಅಪ್ಪಾಸಾಹೇಬರು ನನ್ನನ್ನು ಕರೆಸಿ, ಕೂರಲೂ ಹೇಳದೆ, “ಆ ಗ್ರೀನ್ ತಗಸಾಕತ್ತೇನಿ. ನಿಮ್ಮ ಹೆಸರಿನ ಕಲ್ಲೂ ತಗಸ್ತೇನಿ. ನಿಮ್ಮ ಕೆಲಸ ಮುಗೀತು,” ಎಂದರು.

“ನೀವು ಹೋ ಅಂದ್ರಿ ಸಾವ್ಕಾರ್ರ. ಅದು ನಿಂತಿತು,” ಎಂದೆ.

“ನಾ ಏನೂ ಅಂದಿಲ್ಲ.” ಅವರು ನನ್ನನ್ನು ನೋಡಿದ ನೋಟ ಮರೆಯಲಾರೆ. ಗ್ರೀನ್ ಕೆಟ್ಟದ್ದಕ್ಕಲ್ಲ, ಅವರ ಬಾಯಿಂದ ಬಂದ ಆ ಮಾತನ್ನು ನಾನು ಕೇಳಿಸಿಕೊಂಡದ್ದಕ್ಕೆ ಅವರು ನನ್ನನ್ನು ದ್ವೇಷಿಸಿದರು. ಆಮೇಲೆ ಬೇರೆ ಊರಿನಿಂದ ಇನ್ನೊಬ್ಬನನ್ನು ಕರೆಸಿ ಮಣ್ಣು ಅಗೆಸಿ ಹೊಸದಾಗಿ ಕಟ್ಟಿಸಿದರಂತೆ. ಅವನ ಗ್ರೀನಿನಲ್ಲೂ ಚೆಂಡು ಹಾಗೆಯೇ ಹೋಯಿತಂತೆ. ಕೊನೆಗೆ ಆ ಜಾಗಕ್ಕೆ ತಂತಿ ಸುತ್ತಿ ಬಿಟ್ಟರು. ಈಗ ಅದು ಎಂಟು ಕುಳಿಯ ಮೈದಾನ. ಒಂಬತ್ತೋ ಹದಿನೆಂಟೋ ಕುಳಿ ಇಲ್ಲದೆ ಈ ಆಟ ಪೂರ್ತಿಯಾಗದು. ಗಾಲ್ಫ್ ಬಲ್ಲವರಿಗೆ ಇದು ಮೂರು ಕಾಲಿನ ಕುರ್ಚಿ ಎಂದು ಹೇಳಬೇಕಾಗಿಲ್ಲ. ಬಾವಿ ಇರಲೇ ಇಲ್ಲ ಎಂದು ಅಪ್ಪಾಸಾಹೇಬರು ಇಂದಿಗೂ ಹೇಳುತ್ತಾರೆ. ತಂಗೆವ್ವನಿಗೆ ಅವಳ ಪಾಲು ಸಿಕ್ಕಿಲ್ಲ. ನನ್ನ ಹೆಸರಿನ ಕಲ್ಲು ಎಲ್ಲಿದೆಯೋ ಗೊತ್ತಿಲ್ಲ.

ಕಳೆದ ವರ್ಷ ಅಂಕಲಿಗೆ ಒಂದು ಮದುವೆಗೆ ಹೋದವನು ತಡೆಯಲಾರದೆ ಸತ್ತಿಗೆ ಹೋದೆ. ಸೋಮವಾರ, ಮೈದಾನಕ್ಕೆ ಬೀಗ. ಮಹಾವೀರ ಇನ್ನೂ ಅಲ್ಲೇ ಇದ್ದ. ನಾನು ಅಷ್ಟು ಬೈದಿದ್ದರೂ ಗೇಟು ತೆಗೆದ. ಅವನನ್ನು ಗೇಟಿನ ಬಳಿಯೇ ಬಿಟ್ಟು ತಂತಿ ದಾಟಿ ಹೋದೆ. ಇನ್ನೊಬ್ಬ ಕಟ್ಟಿದ ಮಣ್ಣೂ ಹೊಳೆಯ ಕಡೆಗೇ ವಾಲಿತ್ತು. ಕಸ ಕಿತ್ತು, ಕೈಯಿಂದ ಒಂದು ಪಟ್ಟಿಯಷ್ಟು ನೆಲ ಸವರಿ ಚೆಂಡು ಬಿಟ್ಟೆ. ಅದು ಮೆಲ್ಲಗೆ, ನಾನು ಎಂದೋ ಕಾಗದದ ಮೇಲೆ ಬರೆದ ಹಾಗೆ, ಕೃಷ್ಣೆಯ ಕಡೆ ಇಳಿದು ಹೋಯಿತು. ನನ್ನ ಕಣ್ಣು ತುಂಬಿ ಬಂತು. ನಾನು ಬರೆದದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಇದ್ದವಳು ಒಬ್ಬಳೇ. “ಇವತ್ತ ಎತ್ತಿಗಿ ಸೂಟಿ ಐತ್ರಿ ಸಾಹೇಬ್ರ,” ಎಂದಳು ತಂಗೆವ್ವ ಬೇಲಿಯ ಆಚೆಯಿಂದ. “ನೋಡೂದಿದ್ರ ನಾಳೆ ಬರ್ರಿ.”

ಮರುದಿನ ನಾನು ಅಂಕಲಿಯಲ್ಲೇ ಇದ್ದೆ, ಹೋಗಲಿಲ್ಲ. ಕೆಲಸ ಬಿಟ್ಟಿಲ್ಲ, ಮತ್ತೆ ಬೇರೆಯವರ ಹೆಸರಿನ ಮೈದಾನಗಳಲ್ಲಿ ಇಳಿಜಾರು ಬರೆಯುತ್ತಿದ್ದೇನೆ. ಪ್ರತಿ ಹೊಸ ಗ್ರೀನಿನಲ್ಲೂ ಚೆಂಡು ಬಿಟ್ಟು ನೋಡುತ್ತೇನೆ. ಅದು ಉರುಳತೊಡಗಿದ ಕೂಡಲೇ ನನ್ನ ನಾಲಿಗೆಯ ತುದಿಗೆ “ಹೋ” ಬರುತ್ತದೆ. ಹಲ್ಲು ಕಚ್ಚಿ ನುಂಗಿಕೊಳ್ಳುತ್ತೇನೆ. ನಾನು “ಹೋ” ಅಂದು, ಚೆಂಡು ನಿಂತುಬಿಟ್ಟರೆ ಏನು ಮಾಡಬೇಕು ಎಂದು ನನಗೆ ತಿಳಿಯದು.